ಟಿಎಸ್‌ಎಚ್ ಕೆಳಗೆ, ಥೈರಾಯ್ಡ್ ಮೇಲೆ: ಮಾತ್ರೆಯೋ, ಅಯೋಡಿನ್ನೋ, ಆಪರೇಷನ್ನೋ?

"ನನಗ ಥೈರಾಯ್ಡ್ ಅದ ರೀ." ಕಲಬುರಗಿ, ಬೀದರ್, ಯಾದಗಿರಿಯ ಯಾವ ಮೆಡಿಕಲ್ ಅಂಗಡಿ ಮುಂದೆ ನಿಂತರೂ ಈ ಮಾತು ಕಿವಿಗೆ ಬೀಳುತ್ತದೆ. ಆದರೆ ಇದು ಅರ್ಧ ಮಾತು. ಥೈರಾಯ್ಡ್ ಎಂಬುದು ಎಲ್ಲರ ಕುತ್ತಿಗೆಯಲ್ಲೂ ಇರುವ, 20 ಗ್ರಾಂ ಆಸುಪಾಸಿನ, ಚಿಟ್ಟೆಯಾಕಾರದ ಗ್ರಂಥಿ. ಅದು ಮಂದವಾಗಿದೆಯೋ, ಅತಿಯಾಗಿ ದುಡಿಯುತ್ತಿದೆಯೋ ಎಂಬುದೇ ಉಳಿದರ್ಧ. ಎರಡರ ಔಷಧವೂ ಒಂದಕ್ಕೊಂದು ತದ್ವಿರುದ್ಧ. ಪಕ್ಕದ ಮನೆಯವರ "ಥೈರಾಯ್ಡ್ ಗುಳಿಗಿ" ತಂದು ನುಂಗಿದರೆ ಉರಿಯುವ ಒಲೆಗೆ ಎಣ್ಣೆ ಹೊಯ್ದಂತೆ ಆಗಬಹುದು.

ಗೊಂದಲ ಶುರುವಾಗುವುದು ರಿಪೋರ್ಟಿನಲ್ಲೇ. ಟಿಎಸ್‌ಎಚ್ ಎದುರಿಗೆ 0.01 ಎಂದಿದ್ದು, ಪಕ್ಕದಲ್ಲಿ ಕಡಿಮೆ ಎಂಬ ಗುರುತಿದ್ದರೆ ಓದಿದವರು "ಥೈರಾಯ್ಡ್ ಕಮ್ಮಿ ಆಗ್ಯಾದ" ಎನ್ನುತ್ತಾರೆ. ನಿಜ ಅದರ ಉಲ್ಟಾ. ಟಿಎಸ್‌ಎಚ್ ಬರುವುದು ಮೆದುಳಿನ ಬುಡದ ಪಿಟ್ಯುಟರಿಯಿಂದ. ಥೈರಾಯ್ಡ್ ಎತ್ತಾದರೆ ಟಿಎಸ್‌ಎಚ್ ಬಾರುಕೋಲು. ಎತ್ತು ನಿಧಾನವಾದರೆ ಒಕ್ಕಲಿಗ ಬಾರುಕೋಲು ಬೀಸುತ್ತಾನೆ, ಆಗ ಟಿಎಸ್‌ಎಚ್ ಏರುತ್ತದೆ. ಎತ್ತು ತಾನಾಗಿಯೇ ಓಡತೊಡಗಿದರೆ ಬಾರುಕೋಲು ಕೆಳಗಿಡುತ್ತಾನೆ, ಟಿಎಸ್‌ಎಚ್ ಇಳಿಯುತ್ತದೆ. ಸಾಮಾನ್ಯ ಮಟ್ಟ ಹೆಚ್ಚೂಕಡಿಮೆ 0.4ರಿಂದ 4. ಅದು 0.1ಕ್ಕಿಂತ ಕೆಳಗೆ ಹೋಗಿ, ಜೊತೆಗೆ ಥೈರಾಯ್ಡಿನ ಹಾರ್ಮೋನುಗಳಾದ ಫ್ರೀ ಟಿ4 ಅಥವಾ ಟಿ3 ಮೇಲೆ ಹೋಗಿದ್ದರೆ ಅದು ಹಾರ್ಮೋನ್ ಅತಿಯಾದ ಸ್ಥಿತಿ, ಅಂದರೆ ಹೈಪರ್‌ಥೈರಾಯ್ಡ್. ಕೆಲವರಲ್ಲಿ ಟಿ4 ಸರಿಯಿದ್ದು ಟಿ3 ಮಾತ್ರ ಏರಿರುತ್ತದೆ. ಹಾಗಾಗಿ ಟಿಎಸ್‌ಎಚ್ ಒಂದನ್ನೇ ಮಾಡಿಸಿ ಚಿಕಿತ್ಸೆ ಶುರು ಮಾಡುವುದು ಅರೆಬರೆ ಕೆಲಸ.

ಬೇಸಿಗೆಯೋ, ಬೇನೆಯೋ?

ಮೇ ತಿಂಗಳಲ್ಲಿ 43 ಡಿಗ್ರಿ ಕಾಯುವ ಊರಿನಲ್ಲಿ "ಸೆಖೆ ತಡೆಯಲಾಗ್ತಿಲ್ಲ" ಎಂದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಗಮನಿಸಬೇಕಾದ್ದು ಬೇರೆ: ಮನೆಯವರೆಲ್ಲ ಕೌದಿ ಹೊದ್ದ ಡಿಸೆಂಬರಿನ ಬೆಳಗಿನಲ್ಲೂ ಒಬ್ಬರಿಗೆ ಫ್ಯಾನು ಬೇಕಾಗುತ್ತದೆಯೇ? ಎರಡರ ಜಾಗದಲ್ಲಿ ನಾಲ್ಕು ರೊಟ್ಟಿ ತಿಂದರೂ ರವಿಕೆ ಸಡಿಲವಾಗುತ್ತಿದೆಯೇ? ಸುಮ್ಮನೆ ಕೂತಾಗಲೂ ನಾಡಿ 100 ದಾಟುತ್ತಿದೆಯೇ? ಚಾಚಿದ ಕೈ ಮೇಲೆ ಹಾಳೆ ಇಟ್ಟರೆ ನಡುಗುತ್ತದೆಯೇ? ದಿನಕ್ಕೆ ಮೂರ್ನಾಲ್ಕು ಸಲ ಸಂಡಾಸಿಗೆ ಹೋಗುವುದು, ಮುಟ್ಟು ಕಡಿಮೆಯಾಗುವುದು, ಕೂದಲು ಉದುರುವುದು, ಸಣ್ಣ ಮಾತಿಗೂ ಸಿಡುಕುವುದು, ಕೈ ಊರದೆ ನೆಲದಿಂದ ಏಳಲಾಗದಿರುವುದು, ಎಲ್ಲ ಇದರದ್ದೇ ಬಳಗ. "ಯಾಕವ್ವ, ಇಷ್ಟ್ಯಾಕ ಸೊರಗೀದಿ?" ಎಂದು ನೆಂಟರು ಕೇಳುವ ಹೊತ್ತಿಗೆ ಬಹುತೇಕ ತಿಂಗಳುಗಳು ಕಳೆದಿರುತ್ತವೆ.

ವಯಸ್ಸಾದವರಲ್ಲಿ ಇದ್ಯಾವುದೂ ಕಾಣದೆ ಬರೀ ಸುಸ್ತು, ಅನ್ನ ಸೇರದಿರುವುದು, ತಾಳ ತಪ್ಪಿದ ಎದೆಬಡಿತ ಇರಬಹುದು. ಆ ತಾಳ ತಪ್ಪಿದ ಬಡಿತಕ್ಕೆ ಏಟ್ರಿಯಲ್ ಫಿಬ್ರಿಲೇಷನ್ ಎನ್ನುತ್ತಾರೆ. ಹೃದಯದಲ್ಲಿ ರಕ್ತ ಹೆಪ್ಪುಗಟ್ಟಿ, ಆ ತುಣುಕು ಮೆದುಳಿಗೆ ಹೋದರೆ ಲಕ್ವ ಹೊಡೆಯುತ್ತದೆ. ಅರವತ್ತು ದಾಟಿದವರ ನಾಡಿ ಏರುಪೇರಾಗಿದ್ದರೆ ಇಸಿಜಿ ಜೊತೆ ಟಿಎಸ್‌ಎಚ್ ಕೂಡ ಮಾಡಿಸಿ.

ಇನ್ನೊಂದು ರೂಪ ಹೆಚ್ಚಾಗಿ ಹರೆಯದ ಗಂಡಸರದ್ದು. ಹಿಂದಿನ ರಾತ್ರಿ ಮದುವೆ ಮನೆಯಲ್ಲಿ ಹೋಳಿಗೆ, ಅನ್ನ ಹೊಟ್ಟೆ ತುಂಬ ಉಂಡು ಮಲಗಿದವ ಬೆಳಿಗ್ಗೆ ಕಾಲು ಎತ್ತಲಾರ. ದೆವ್ವವೂ ಅಲ್ಲ, ಲಕ್ವವೂ ಅಲ್ಲ. ರಕ್ತದ ಪೊಟ್ಯಾಸಿಯಂ ಜೀವಕೋಶಗಳ ಒಳಗೆ ಸರಿದುಹೋಗಿದೆ. ಹೀಗಾದಾಗ ಊರಿನ ಕ್ಲಿನಿಕ್ಕಿನಲ್ಲಿ "ಶಕ್ತಿಗೆ" ಎಂದು ಗ್ಲೂಕೋಸ್ ಬಾಟಲಿ ಏರಿಸಿದರೆ ಇನ್ನಷ್ಟು ಕೆಡುತ್ತದೆ. ಗ್ಲೂಕೋಸ್ ಇನ್ಸುಲಿನ್ನನ್ನು ಹೆಚ್ಚಿಸುತ್ತದೆ, ಇನ್ಸುಲಿನ್ ಉಳಿದ ಪೊಟ್ಯಾಸಿಯಂ ಅನ್ನೂ ಒಳಗೆ ತಳ್ಳುತ್ತದೆ. ನೇರವಾಗಿ ಇಸಿಜಿ, ಪೊಟ್ಯಾಸಿಯಂ ಪರೀಕ್ಷೆ ಇರುವ ಆಸ್ಪತ್ರೆಗೆ ಹೋಗಬೇಕು.

ಮೊದಲು ಕಾರಣ, ಆಮೇಲೆ ಔಷಧ

ಹಾರ್ಮೋನ್ ಹೆಚ್ಚಾಗಲು ಮುಖ್ಯವಾಗಿ ಮೂರು ದಾರಿ. ಒಂದು ಗ್ರೇವ್ಸ್ ಕಾಯಿಲೆ. 1835ರಲ್ಲಿ ಇದನ್ನು ವಿವರಿಸಿದ ಡಬ್ಲಿನ್ನಿನ ವೈದ್ಯ ರಾಬರ್ಟ್ ಗ್ರೇವ್ಸ್ ಹೆಸರು ಅದಕ್ಕೆ ಅಂಟಿಕೊಂಡಿದೆ. ಇದರಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯೇ ಒಂದು ಆ್ಯಂಟಿಬಾಡಿ ತಯಾರಿಸಿ ಥೈರಾಯ್ಡನ್ನು ಕೆಣಕುತ್ತದೆ. ಒಕ್ಕಲಿಗ ಬಾರುಕೋಲು ಕೆಳಗಿಟ್ಟರೂ ಬೇರೆ ಯಾರೋ ಬೀಸುತ್ತಲೇ ಇದ್ದಾರೆ. ಕಣ್ಣು ಉಬ್ಬುವುದು ಇದರಲ್ಲೇ. ಎರಡನೆಯದು ಗಂಟಿನ ಕಾಯಿಲೆ: ಗ್ರಂಥಿಯೊಳಗಿನ ಒಂದೋ ಹಲವೋ ಗಂಟುಗಳು ಯಾರ ಮಾತೂ ಕೇಳದೆ ಹಾರ್ಮೋನ್ ಸುರಿಸುತ್ತವೆ. ಮೂರನೆಯದು ಥೈರಾಯ್ಡೈಟಿಸ್, ಅಂದರೆ ಗ್ರಂಥಿಯ ಉರಿಯೂತ. ಇಲ್ಲಿ ಉತ್ಪಾದನೆ ಹೆಚ್ಚಿಲ್ಲ. ಜೋಳದ ಚೀಲ ಹರಿದಂತೆ, ಒಳಗಿದ್ದ ಹಾರ್ಮೋನ್ ಸೋರುತ್ತಿದೆ. ವೈರಲ್ ಜ್ವರ ಬಂದುಹೋದ ಮೇಲೆ ಕುತ್ತಿಗೆ ಮುಟ್ಟಿದರೆ ನೋವು, ಉರಿಯೂತ ತೋರಿಸುವ ರಕ್ತಪರೀಕ್ಷೆ ಇಎಸ್‌ಆರ್ ಏರಿಕೆ. ಅಥವಾ ಹೆರಿಗೆಯಾದ ಕೆಲ ತಿಂಗಳಲ್ಲಿ ನೋವಿಲ್ಲದೆ ಬರುವುದು.

ಚೀಲ ಹರಿದಾಗ ಕಾರ್ಬಿಮಜೋಲ್ ಕೊಟ್ಟರೆ ಪ್ರಯೋಜನವಿಲ್ಲ. ಅದು ಹೊಸ ಹಾರ್ಮೋನ್ ತಯಾರಿಕೆಯನ್ನು ನಿಲ್ಲಿಸುವ ಮಾತ್ರೆ, ಸೋರಿಕೆಗೆ ಮದ್ದಲ್ಲ. ಥೈರಾಯ್ಡೈಟಿಸ್ ಎರಡು ಮೂರು ತಿಂಗಳಲ್ಲಿ ತಾನಾಗಿ ಇಳಿಯುತ್ತದೆ, ಕೆಲಕಾಲ ಗ್ರಂಥಿ ಮಂದವಾಗಿ ಮತ್ತೆ ಬಹುಪಾಲು ಸರಿಹೋಗುತ್ತದೆ. ಕಾರಣ ಹುಡುಕದೆ ಮಾತ್ರೆ ಬರೆದ ಕಡೆ ಇಂಥವರು ವರ್ಷಗಟ್ಟಲೆ ಬೇಡದ ಔಷಧ ನುಂಗಿದ್ದಾರೆ.

ಯಾವ ದಾರಿ ಎಂದು ಗೊತ್ತಾಗುವುದು ಎರಡು ಪರೀಕ್ಷೆಗಳಿಂದ. ಟಿಎಸ್‌ಎಚ್ ರಿಸೆಪ್ಟರ್ ಆ್ಯಂಟಿಬಾಡಿ ಎಂಬ ರಕ್ತಪರೀಕ್ಷೆ ಪಾಸಿಟಿವ್ ಬಂದರೆ ಗ್ರೇವ್ಸ್. ಸ್ಥಳೀಯ ಲ್ಯಾಬಿನಲ್ಲಿ ರಕ್ತ ಕೊಟ್ಟರೆ ಸಾಮಾನ್ಯವಾಗಿ ಹೊರಗಿನ ದೊಡ್ಡ ಲ್ಯಾಬಿಗೆ ಕಳಿಸುತ್ತಾರೆ; ಊರೂರು ಅಲೆಯಬೇಕಿಲ್ಲ. ಇನ್ನೊಂದು ಟೆಕ್ನಿಷಿಯಂ ಸ್ಕ್ಯಾನ್, ವಿಕಿರಣ ಸೂಸುವ ಔಷಧ ಅಲ್ಪ ಪ್ರಮಾಣದಲ್ಲಿ ಕೊಟ್ಟು ಗ್ರಂಥಿಯ ಚಿತ್ರ ತೆಗೆಯುವುದು. ಗ್ರೇವ್ಸ್‌ನಲ್ಲಿ ಇಡೀ ಗ್ರಂಥಿ ಬೆಳಗುತ್ತದೆ, ಗಂಟಿನ ಕಾಯಿಲೆಯಲ್ಲಿ ಗಂಟು ಮಾತ್ರ ಬೆಳಗುತ್ತದೆ, ಥೈರಾಯ್ಡೈಟಿಸ್‌ನಲ್ಲಿ ಕತ್ತಲು. ಕಣ್ಣು ಉಬ್ಬಿರುವವರಿಗೆ ಸ್ಕ್ಯಾನ್ ಬೇಕಿಲ್ಲ, ಕಣ್ಣೇ ಹೇಳಿಬಿಟ್ಟಿದೆ. ಗರ್ಭಿಣಿಯರಿಗೆ ಈ ಸ್ಕ್ಯಾನ್ ಮಾಡುವುದಿಲ್ಲ. ಮೊದಲ ಮೂರು ತಿಂಗಳಲ್ಲಿ ಗರ್ಭದ ಹಾರ್ಮೋನಿನಿಂದಲೇ ಟಿಎಸ್‌ಎಚ್ ಇಳಿಯುವುದುಂಟು, ಅದೆಲ್ಲ ಕಾಯಿಲೆಯಲ್ಲ.

ರಕ್ತ ಕೊಡುವ ಮೊದಲು ಒಂದು ಎಚ್ಚರ. ಕೂದಲು, ಉಗುರಿಗೆಂದು ಮಾರುವ ಬಯೋಟಿನ್ ಮಾತ್ರೆ ಅನೇಕ ಲ್ಯಾಬ್ ಯಂತ್ರಗಳನ್ನು ದಾರಿ ತಪ್ಪಿಸುತ್ತದೆ. ಟಿಎಸ್‌ಎಚ್ ಇಳಿದಂತೆ, ಟಿ4 ಏರಿದಂತೆ, ಆ್ಯಂಟಿಬಾಡಿ ಕೂಡ ಪಾಸಿಟಿವ್ ಇದ್ದಂತೆ ಸುಳ್ಳು ರಿಪೋರ್ಟು ಬರಬಹುದು. ಕನಿಷ್ಠ ಎರಡು ಮೂರು ದಿನ ಮೊದಲೇ ಅದನ್ನು ನಿಲ್ಲಿಸಿ. ಹೃದಯಕ್ಕೆಂದು ಅಮಿಯೊಡರೋನ್ ನುಂಗುತ್ತಿದ್ದರೆ ಅಥವಾ ಇತ್ತೀಚೆಗೆ ಬಣ್ಣದ ಔಷಧ ಚುಚ್ಚಿ ಸಿಟಿ ಸ್ಕ್ಯಾನ್ ಆಗಿದ್ದರೆ ಅದನ್ನೂ ಹೇಳಿ, ಎರಡರಲ್ಲೂ ಅಯೋಡಿನ್ ಬಹಳ. ಅಮಿಯೊಡರೋನ್‌ನ ಒಂದು 200 ಮಿ.ಗ್ರಾಂ. ಮಾತ್ರೆಯಲ್ಲಿ ಸುಮಾರು 75 ಮಿ.ಗ್ರಾಂ. ಅಯೋಡಿನ್ ಇದೆ. ದಿನಕ್ಕೆ ಬೇಕಿರುವುದು 150 ಮೈಕ್ರೊಗ್ರಾಂ ಮಾತ್ರ.

ಮಾತ್ರೆಯ ದಾರಿ

ಮೊದಲ ವಾರದಲ್ಲಿ ನೆಮ್ಮದಿ ಕೊಡುವುದು ಪ್ರೊಪ್ರನೊಲೋಲ್. 10ರಿಂದ 40 ಮಿ.ಗ್ರಾಂ.ವರೆಗೆ, ದಿನಕ್ಕೆ ಎರಡು ಮೂರು ಸಲ. ಎದೆ ಢವಢವ, ನಡುಕ, ಬೆವರು ಗಂಟೆ, ದಿನಗಳಲ್ಲಿ ತಗ್ಗುತ್ತವೆ. ಆದರೆ ಇದು ಹಾರ್ಮೋನ್ ಕಡಿಮೆ ಮಾಡುವ ಔಷಧವಲ್ಲ, ಅದರ ಹಾವಳಿ ಮುಚ್ಚುತ್ತದಷ್ಟೇ. ಉಬ್ಬಸ ಇರುವವರಿಗೆ ಇದು ಬೇಡ. ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಸಕ್ಕರೆ ಇಳಿದದ್ದು ಗೊತ್ತಾಗದಂತೆ ಮಾಡಬಹುದು.

ನಿಜವಾದ ಕೆಲಸ ಕಾರ್ಬಿಮಜೋಲಿನದು. ನಿಯೋ-ಮರ್ಕಜೋಲ್ ಮುಂತಾದ ಹೆಸರಿನಲ್ಲಿ 5, 10, 20 ಮಿ.ಗ್ರಾಂ. ಮಾತ್ರೆಗಳು ಸಿಗುತ್ತವೆ. ಹಾರ್ಮೋನ್ ಅಲ್ಪ ಏರಿದ್ದರೆ ದಿನಕ್ಕೆ 10–15, ಬಹಳ ಏರಿದ್ದರೆ 30–40 ಮಿ.ಗ್ರಾಂ.ನಿಂದ ಆರಂಭ. ಗುಣ ಕಾಣಲು ಎರಡು ಮೂರು ವಾರ ಬೇಕು, ಏಕೆಂದರೆ ಹಗೇವಿನಲ್ಲಿ ತುಂಬಿಟ್ಟ ಜೋಳದ ಹಾಗೆ ಗ್ರಂಥಿಯಲ್ಲಿ ಹಾರ್ಮೋನ್ ದಾಸ್ತಾನಿದೆ. ಮಾತ್ರೆ ಹೊಸ ಬೆಳೆ ನಿಲ್ಲಿಸಿದರೂ ಹಗೇವು ಬರಿದಾಗುವವರೆಗೆ ಕಾಯಬೇಕು. "ಹದಿನೈದು ದಿನಾ ತೊಗೊಂಡ್ರೂ ಏನೂ ಆಗಲಿಲ್ಲ" ಎಂದು ಬಿಟ್ಟುಬಿಡುವವರು ಸರಿಯಾಗಿ ಫಲ ಬರುವ ಹೊತ್ತಿಗೆ ಬಿಡುತ್ತಾರೆ.

ಶುರು ಮಾಡುವ ಮುನ್ನ ಸಿಬಿಸಿ (ರಕ್ತಕಣಗಳ ಎಣಿಕೆ) ಮತ್ತು ಲಿವರ್ ಪರೀಕ್ಷೆ ಮಾಡಿಸಿಟ್ಟುಕೊಳ್ಳಿ, ಮುಂದೆ ಹೋಲಿಸಲು ಬೇಕು. ನಂತರ 4ರಿಂದ 6 ವಾರಕ್ಕೊಮ್ಮೆ ಫ್ರೀ ಟಿ4 ಮತ್ತು ಟಿ3. ಊಟ ಬಿಟ್ಟು ಹೋಗಬೇಕಿಲ್ಲ. ಆರಂಭದ ತಿಂಗಳುಗಳಲ್ಲಿ ಟಿಎಸ್‌ಎಚ್ ನೋಡಿ ಡೋಸ್ ಬದಲಿಸಬಾರದು. ಬಹುದಿನ ಸುಮ್ಮನಿದ್ದ ಪಿಟ್ಯುಟರಿ ಎಚ್ಚರಗೊಳ್ಳಲು ವಾರಗಳಲ್ಲ, ತಿಂಗಳುಗಳೇ ಹಿಡಿಯುತ್ತವೆ. ಟಿ4 ಆಗಲೇ ಕೆಳಗಿಳಿದಿದ್ದರೂ ಟಿಎಸ್‌ಎಚ್ 0.01ರಲ್ಲೇ ನಿಂತಿರಬಹುದು. ಅದನ್ನು ಕಂಡು ಮಾತ್ರೆ ಹೆಚ್ಚಿಸಿದರೆ ರೋಗಿ ಹೈಪೋಗೆ, ಅಂದರೆ ಹಾರ್ಮೋನ್ ಕೊರತೆಗೆ, ಜಾರುತ್ತಾರೆ.

ಈ ಭಾಗದಲ್ಲಿ ಅತಿ ಹೆಚ್ಚು ಕೆಡುವುದು ಇಲ್ಲೇ. ಮೊದಲ ಚೀಟಿಯಲ್ಲಿ 30 ಮಿ.ಗ್ರಾಂ. ಬರೆದಿರುತ್ತಾರೆ. ರೋಗಿ ಚೇತರಿಸಿಕೊಳ್ಳುತ್ತಾರೆ, ಡಾಕ್ಟರ ಹತ್ತಿರ ಮತ್ತೆ ಹೋಗುವುದಿಲ್ಲ, ಹಳೇ ಚೀಟಿ ತೋರಿಸಿ ಅದೇ ಸ್ಟ್ರಿಪ್ಪು ತರುತ್ತಲೇ ಇರುತ್ತಾರೆ. ಆರು ತಿಂಗಳಿಗೆ ಮುಖ ಊದುತ್ತದೆ, ತೂಕ ಹತ್ತು ಕಿಲೋ ಏರುತ್ತದೆ, ಕುತ್ತಿಗೆಯ ಬಾವು ದೊಡ್ಡದಾಗುತ್ತದೆ. 30 ಎಂಬುದು ಓಟ ನಿಲ್ಲಿಸುವ ಡೋಸ್. ಹಾರ್ಮೋನ್ ಹದಕ್ಕೆ ಬಂದಂತೆ 20, 15, 10 ಎಂದು ಇಳಿಸುತ್ತ 5–10ಕ್ಕೆ ತರಬೇಕು. ಆ ಮಟ್ಟದಲ್ಲಿ ಒಟ್ಟು 12ರಿಂದ 18 ತಿಂಗಳು.

ಜ್ವರ ಬಂದರೆ

ಕಾರ್ಬಿಮಜೋಲ್ ನುಂಗುವವರು ಒಂದೇ ಒಂದು ವಿಷಯ ನೆನಪಿಡಬೇಕೆಂದರೆ ಇದನ್ನು. ಸಾವಿರದಲ್ಲಿ ಎರಡರಿಂದ ಐದು ಜನರಲ್ಲಿ ಈ ಮಾತ್ರೆ ರಕ್ತದ ಬಿಳಿಕಣಗಳಲ್ಲಿ ಮುಖ್ಯವಾದ ನ್ಯೂಟ್ರೋಫಿಲ್‌ಗಳನ್ನು ಒಮ್ಮೆಲೇ ಬೀಳಿಸುತ್ತದೆ, ಹೆಚ್ಚಾಗಿ ಮೊದಲ ಮೂರು ತಿಂಗಳಲ್ಲಿ. ಗುರುತು: ಜ್ವರ, ಗಂಟಲು ಕೆರೆತ, ಬಾಯಿಹುಣ್ಣು. ಇವು ಬಂದರೆ ಆ ಹೊತ್ತಿನ ಮಾತ್ರೆ ನಿಲ್ಲಿಸಿ, ಅದೇ ದಿನ ಸಿಬಿಸಿ ಮಾಡಿಸಬೇಕು, ಯಾವ ಬಗೆಯ ಬಿಳಿಕಣ ಎಷ್ಟು ಎಂದು ತೋರಿಸುವ ಡಿಫರೆನ್ಷಿಯಲ್ ಕೌಂಟ್ ಸಹಿತ. ಇದು ತಾಲ್ಲೂಕು ಆಸ್ಪತ್ರೆಯಲ್ಲೂ ಆಗುವ ಪರೀಕ್ಷೆ.

ಲೆಕ್ಕ ಸುಲಭ. ಒಟ್ಟು ಬಿಳಿಕಣ ಗುಣಿಸು ನ್ಯೂಟ್ರೋಫಿಲ್ ಶೇಕಡಾ. ಒಟ್ಟು 6,000, ನ್ಯೂಟ್ರೋಫಿಲ್ ಶೇ. 60 ಇದ್ದರೆ 3,600: ಮಾತ್ರೆ ಮುಂದುವರಿಸಬಹುದು. ಒಟ್ಟು 3,000, ನ್ಯೂಟ್ರೋಫಿಲ್ ಶೇ. 15 ಇದ್ದರೆ 450: ಇದು 500ಕ್ಕಿಂತ ಕೆಳಗೆ, ತಕ್ಷಣ ದೊಡ್ಡ ಆಸ್ಪತ್ರೆಗೆ. ಹೀಗೆ ಒಮ್ಮೆ ಆದವರು ಜೀವನದಲ್ಲಿ ಮತ್ತೆ ಈ ಗುಂಪಿನ ಮಾತ್ರೆ ಮುಟ್ಟಬಾರದು. ಇಲ್ಲಿ ಒಂದು ತೊಡಕಿದೆ. ಮಳೆಗಾಲದಲ್ಲಿ ಡೆಂಗ್ಯೂ ಕೂಡ ಬಿಳಿಕಣ ಇಳಿಸುತ್ತದೆ, ಜ್ವರವೂ ಇರುತ್ತದೆ. "ಡೆಂಗ್ಯೂ ಇರಬೇಕು" ಎಂದು ಊಹಿಸಿ ಕಾರ್ಬಿಮಜೋಲ್ ಮುಂದುವರಿಸುವುದು ಅಪಾಯ. ಮಾತ್ರೆ ನಿಲ್ಲಿಸಿಟ್ಟೇ ಕಾರಣ ಹುಡುಕಬೇಕು. "ಈ ರೋಗಿ ಕಾರ್ಬಿಮಜೋಲ್ ತೆಗೆದುಕೊಳ್ಳುತ್ತಿದ್ದಾರೆ, ಜ್ವರ ಬಂದರೆ ಸಿಬಿಸಿ ನೋಡಿ" ಎಂದು ಚೀಟಿ ಬರೆದು ಆಧಾರ್ ಕಾರ್ಡಿನ ಜೊತೆ ಇಟ್ಟುಕೊಳ್ಳಿ, ಪ್ಯಾರಾಸಿಟಮಾಲ್ ಕೊಟ್ಟು ಕಳಿಸುವ ಕೈಗಳು ಬಹಳ ಇವೆ.

ಕಣ್ಣು, ಮೂತ್ರ ಹಳದಿಯಾದರೆ ಅದು ಲಿವರಿನ ಸೂಚನೆ, ಆಗಲೂ ನಿಲ್ಲಿಸಿ ಹೋಗಬೇಕು. ಬರೀ ತುರಿಕೆ, ಸಣ್ಣ ಗಂಧೆಯಾದರೆ ಅಲರ್ಜಿ ಮಾತ್ರೆಯೊಂದಿಗೆ ಹಲವು ಸಲ ಮುಂದುವರಿಸಬಹುದು.

ಒಂದೂವರೆ ವರ್ಷದ ನಂತರ ಆ್ಯಂಟಿಬಾಡಿ ಮತ್ತೆ ಪರೀಕ್ಷಿಸಿ, ಅದು ಇಳಿದಿದ್ದರೆ ಮಾತ್ರೆ ನಿಲ್ಲಿಸುತ್ತಾರೆ. ಗ್ರೇವ್ಸ್ ಇರುವ ಸುಮಾರು ಅರ್ಧ ಜನರಲ್ಲಿ ಕಾಯಿಲೆ ಮರಳುವುದಿಲ್ಲ. ಉಳಿದವರಲ್ಲಿ ಬಹುತೇಕ ಮೊದಲ ವರ್ಷದೊಳಗೇ ಮರಳುತ್ತದೆ; ದೊಡ್ಡ ಬಾವು, ಬೀಡಿ-ಸಿಗರೇಟು, ಇಳಿಯದ ಆ್ಯಂಟಿಬಾಡಿ ಇದ್ದವರಲ್ಲಿ ಹೆಚ್ಚು. ಮರಳಿದರೆ ಕಡಿಮೆ ಡೋಸಿನಲ್ಲಿ, 5 ಮಿ.ಗ್ರಾಂ. ಆಸುಪಾಸು, ವರ್ಷಗಟ್ಟಲೆ ಮುಂದುವರಿಸುವುದೂ ಒಪ್ಪಿತ ದಾರಿಯೇ. ಗಂಟಿನ ಕಾಯಿಲೆಯವರಿಗೆ ಈ ಲೆಕ್ಕ ಅನ್ವಯಿಸದು: ಮಾತ್ರೆ ನಿಂತ ಕೂಡಲೇ ಗಂಟು ಮತ್ತೆ ಶುರು ಮಾಡುತ್ತದೆ. ಅವರಿಗೆ ಅಯೋಡಿನ್ ಅಥವಾ ಆಪರೇಷನ್ನೇ ಪೂರ್ಣ ಪರಿಹಾರ.

ಅಯೋಡಿನ್ ಗುಳಿಗೆ ಮತ್ತು ಹೈದರಾಬಾದ್ ಬಸ್ಸು

ಥೈರಾಯ್ಡ್ ಅಯೋಡಿನ್ನನ್ನು ಹುಡುಕಿ ಹೀರುತ್ತದೆ. ವಿಕಿರಣ ಸೂಸುವ ಅಯೋಡಿನ್-131 ಕೊಟ್ಟರೆ ಅದನ್ನೂ ಹೀರಿ ತನ್ನನ್ನು ತಾನೇ ಸುಟ್ಟುಕೊಳ್ಳುತ್ತದೆ. 1941ರಲ್ಲಿ ಬಾಸ್ಟನ್ನಿನಲ್ಲಿ ಸಾಲ್ ಹರ್ಟ್ಸ್ ಎಂಬ ವೈದ್ಯರು ರೋಗಿಗಳಿಗೆ ವಿಕಿರಣ ಅಯೋಡಿನ್ ಕೊಡಲು ಆರಂಭಿಸಿದರು. ಹೊಸ ಪ್ರಯೋಗವೆಂದು ಹೆದರುವಂಥದ್ದೇನೂ ಅಲ್ಲ. ಗ್ರೇವ್ಸ್‌ಗೆ ಸಾಮಾನ್ಯವಾಗಿ 10–15 ಮಿಲಿಕ್ಯೂರಿ (ವಿಕಿರಣದ ಅಳತೆ), ಕ್ಯಾಪ್ಸೂಲ್ ಅಥವಾ ದ್ರವ ರೂಪದಲ್ಲಿ, ಒಂದೇ ಸಲ. ನೋವಿಲ್ಲ, ಹೊಲಿಗೆಯಿಲ್ಲ.

ಈ ಮೂರು ಜಿಲ್ಲೆಯವರು ಸಾಮಾನ್ಯವಾಗಿ ಇದಕ್ಕೆ ನ್ಯೂಕ್ಲಿಯರ್ ಮೆಡಿಸಿನ್ ವಿಭಾಗವಿರುವ ಹೈದರಾಬಾದ್ ಆಸ್ಪತ್ರೆಗಳ ಕಡೆ ಮುಖ ಮಾಡುತ್ತಾರೆ. ಬೀದರಿನಿಂದ ಸುಮಾರು 140, ಕಲಬುರಗಿಯಿಂದ ಸುಮಾರು 220 ಕಿ.ಮೀ. ಅಯೋಡಿನ್-131ರ ಅರ್ಧಾಯುಷ್ಯ 8 ದಿನ, ಅಂದರೆ ಎಂಟು ದಿನಕ್ಕೆ ಅದರ ಅರ್ಧ ಕರಗಿರುತ್ತದೆ. ಅದನ್ನು ಗೋದಾಮಿನಲ್ಲಿ ಇಟ್ಟುಕೊಂಡಿರಲು ಬರುವುದಿಲ್ಲ, ನಿಮ್ಮ ದಿನಾಂಕಕ್ಕೆಂದೇ ತರಿಸುತ್ತಾರೆ. ಆದ್ದರಿಂದ ಫೋನ್ ಮಾಡಿ ದಿನ ಗೊತ್ತು ಮಾಡಿಕೊಳ್ಳದೆ ಹೊರಡಬೇಡಿ, ಗೊತ್ತಾದ ದಿನ ತಪ್ಪಿಸಲೂ ಬೇಡಿ.

ಹೋಗುವ ಮುನ್ನ ಕಾರ್ಬಿಮಜೋಲನ್ನು ಅವರು ಹೇಳಿದಷ್ಟು ದಿನ, ಸಾಮಾನ್ಯವಾಗಿ 3ರಿಂದ 7 ದಿನ, ನಿಲ್ಲಿಸಬೇಕು, ಪ್ರೊಪ್ರನೊಲೋಲ್ ಮುಂದುವರಿಯುತ್ತದೆ. ಬಣ್ಣದ ಸಿಟಿ ಸ್ಕ್ಯಾನ್ ಆಗಿ ಒಂದೆರಡು ತಿಂಗಳಾಗದಿದ್ದರೆ ಗ್ರಂಥಿ ಆಗಲೇ ಅಯೋಡಿನ್ನಿನಿಂದ ತುಂಬಿರುತ್ತದೆ, ಗುಳಿಗೆ ವ್ಯರ್ಥ. ಹೆಣ್ಣುಮಕ್ಕಳಿಗೆ ಗರ್ಭ ಪರೀಕ್ಷೆ ಕಡ್ಡಾಯ. ಗರ್ಭಿಣಿಗೆ ಕೊಟ್ಟರೆ ಮಗುವಿನ ಥೈರಾಯ್ಡೂ ಸುಟ್ಟುಹೋಗುತ್ತದೆ. ಹಾಲೂಡಿಸುವವರು ಕನಿಷ್ಠ ಆರು ವಾರ ಮೊದಲೇ ಹಾಲು ಬಿಡಿಸಿರಬೇಕು, ಆ ಮಗುವಿಗೆ ಮತ್ತೆ ಊಡಿಸಬಾರದು. ನಂತರ ಆರು ತಿಂಗಳು ಗರ್ಭ ಧರಿಸಬಾರದು. ಗಂಡಸರು ಮೂರು ನಾಲ್ಕು ತಿಂಗಳು ಕಾಯಬೇಕು.

ವಾಪಸ್ ಬರುವ ದಾರಿ ಯೋಚಿಸಿ. ನಾಲ್ಕೈದು ಗಂಟೆ ತುಂಬಿದ ಬಸ್ಸಿನಲ್ಲಿ ಪಕ್ಕದಲ್ಲಿ ಮಗುವನ್ನೋ ಗರ್ಭಿಣಿಯನ್ನೋ ಕೂರಿಸಿಕೊಂಡು ಬರುವಂತಿಲ್ಲ. ಕಾರಾದರೆ ಹಿಂದಿನ ಸೀಟಿನ ಮೂಲೆ. ಬಸ್ಸೇ ಗತಿಯಾದರೆ ಜನವಿರದ ಹೊತ್ತಿನಲ್ಲಿ, ಪಕ್ಕದ ಸೀಟೂ ಹಿಡಿದು. ಮನೆಯಲ್ಲಿ ದೊಡ್ಡವರ ಜೊತೆ ಒಂದೇ ಹಾಸಿಗೆ 3ರಿಂದ 6 ರಾತ್ರಿ ಬೇಡ. ಮಕ್ಕಳು, ಗರ್ಭಿಣಿಯರ ಜೊತೆ 15ರಿಂದ 18 ರಾತ್ರಿ. ಇದು ಅಂದಾಜು, ನಿಮ್ಮ ಡೋಸಿಗೆ ಆಸ್ಪತ್ರೆಯವರು ಬರೆದುಕೊಟ್ಟ ಚೀಟಿಯೇ ಪ್ರಮಾಣ. ಒಂದೇ ಕೋಣೆಯಲ್ಲಿ ಆರು ಜನ ಮಲಗುವ ಮನೆಯಲ್ಲಿ ಇದು ಕಷ್ಟ. ಬೇಸಿಗೆಯಲ್ಲಿ ಮಾಡಿಸಿಕೊಂಡವರು ಮಾಳಿಗೆಯ ಒಂದು ಮೂಲೆಯಲ್ಲಿ ಹಾಸಿಕೊಂಡು ಪಾರಾಗುತ್ತಾರೆ. ನೀರು ಚೆನ್ನಾಗಿ ಕುಡಿಯುವುದು, ಶೌಚಕ್ಕೆ ಎರಡು ಸಲ ನೀರು ಹಾಕುವುದು, ಗಂಡಸರೂ ಕೂತೇ ಮೂತ್ರ ಮಾಡುವುದು, ತಟ್ಟೆ ಲೋಟ ಬೇರೆ. ಮುಟ್ಟಿದರೆ ಅಂಟುವ ರೋಗವಲ್ಲ ಇದು, ದೂರ ಮತ್ತು ಸಮಯದ ಲೆಕ್ಕ ಅಷ್ಟೇ.

ಫಲ ಕಾಣಲು ಆರು ವಾರದಿಂದ ಆರು ತಿಂಗಳು. ಅಷ್ಟರೊಳಗೆ ಬಹುಪಾಲು ಜನ ಹೈಪೋ ಆಗುತ್ತಾರೆ. ಗ್ರೇವ್ಸ್‌ನಲ್ಲಿ ಅದು ಅಡ್ಡ ಪರಿಣಾಮವಲ್ಲ, ಬಯಸಿದ ಗುರಿಯೇ. ಆಮೇಲೆ ಥೈರಾಯ್ಡ್ ಹಾರ್ಮೋನನ್ನೇ ಕೊಡುವ ಮಾತ್ರೆ ಲಿವೊಥೈರಾಕ್ಸಿನ್, ದಿನಕ್ಕೊಂದು, ಜೀವನಪೂರ್ತಿ. ಇದನ್ನು ಮೊದಲೇ ಹೇಳದಿದ್ದರೆ "ಒಂದು ಬ್ಯಾನಿ ಹೋಗಿ ಇನ್ನೊಂದು ಬಂತು" ಎಂದು ಜನ ನೊಂದುಕೊಳ್ಳುತ್ತಾರೆ. ಆರು ತಿಂಗಳಾದರೂ ಇಳಿಯದಿದ್ದರೆ ಎರಡನೇ ಡೋಸ್ ಬೇಕಾಗಬಹುದು.

ಕಣ್ಣು ಉಬ್ಬಿ ಕೆಂಪಾಗಿರುವವರಿಗೆ ಅಯೋಡಿನ್ ಕಣ್ಣನ್ನು ಕೆಡಿಸಬಲ್ಲದು, ಧೂಮಪಾನಿಗಳಲ್ಲಿ ವಿಶೇಷವಾಗಿ. ಕಣ್ಣು ಸ್ವಲ್ಪ ಕೆಟ್ಟಿದ್ದರೆ ಸ್ಟೆರಾಯ್ಡ್ ರಕ್ಷಣೆಯಲ್ಲಿ ಕೊಡುತ್ತಾರೆ, ತುಂಬ ಕೆಟ್ಟಿದ್ದರೆ ಈ ದಾರಿಯೇ ಬಿಡುತ್ತಾರೆ. ಎರಡೆರಡು ಕಾಣುವುದು, ಬಣ್ಣ ಮಸುಕಾಗುವುದು, ರೆಪ್ಪೆ ಮುಚ್ಚದಿರುವುದು ಕಂಡರೆ ಕಣ್ಣಿನ ಡಾಕ್ಟರನ್ನು ಆ ವಾರವೇ ನೋಡಬೇಕು.

ಆಪರೇಷನ್

ಬಾವು ದೊಡ್ಡದಾಗಿ ಉಸಿರಿಗೆ, ನುಂಗಲು ತೊಂದರೆ ಕೊಡುತ್ತಿದ್ದರೆ, ಗಂಟಿನಲ್ಲಿ ಕ್ಯಾನ್ಸರ್ ಅನುಮಾನವಿದ್ದರೆ, ಮಾತ್ರೆ ಒಗ್ಗದೆ ಹೋದರೆ, ಬೇಗ ಮಗು ಬೇಕಿದ್ದರೆ, ಕಣ್ಣು ಕೆಟ್ಟಿದ್ದರೆ ಇದೇ ಸೂಕ್ತ. ಗ್ರಂಥಿಯನ್ನು ಪೂರ್ತಿ ತೆಗೆಯುತ್ತಾರೆ. ಸ್ವಲ್ಪ ಉಳಿಸಿ ಎಂದು ಬೇಡಿಕೊಳ್ಳುವುದು ಬೇಡ, ಉಳಿದ ತುಣುಕೇ ಮತ್ತೆ ಕಾಡಬಹುದು.

ಹಾರ್ಮೋನ್ ಹದಕ್ಕೆ ಬರುವವರೆಗೆ ಕಾರ್ಬಿಮಜೋಲ್ ಕೊಟ್ಟೇ ಕತ್ತರಿ ಹಿಡಿಯಬೇಕು. ಗ್ರೇವ್ಸ್ ಇದ್ದರೆ ಕೊನೆಯ 7–10 ದಿನ ಲ್ಯುಗಾಲ್ ಅಯೋಡಿನ್ 5–7 ಹನಿ, ನೀರಿನಲ್ಲಿ, ದಿನಕ್ಕೆ ಮೂರು ಸಲ. ಗ್ರಂಥಿಯ ರಕ್ತ ಸಂಚಾರ ತಗ್ಗಿ ರಕ್ತಸ್ರಾವ ಕಡಿಮೆಯಾಗುತ್ತದೆ. ವಿಟಮಿನ್ ಡಿ ಕೊರತೆಯನ್ನು ಮೊದಲೇ ತುಂಬಿಕೊಂಡರೆ ನಂತರದ ಕ್ಯಾಲ್ಸಿಯಂ ಕಾಟ ಕಡಿಮೆ.

ಸರ್ಜನ್ನರಿಗೆ ಕೇಳಬೇಕಾದ ಪ್ರಶ್ನೆ ಒಂದೇ: "ವರ್ಷಕ್ಕೆ ಎಷ್ಟು ಥೈರಾಯ್ಡ್ ಆಪರೇಷನ್ ಮಾಡ್ತೀರಿ?" ವರ್ಷಕ್ಕೆ 25ಕ್ಕಿಂತ ಹೆಚ್ಚು ಮಾಡುವ ಕೈಯಲ್ಲಿ ತೊಡಕು ಕಡಿಮೆ. ಕೇಳಲು ಸಂಕೋಚ ಬೇಡ, ಒಳ್ಳೆಯ ಸರ್ಜನ್ ಬೇಸರ ಮಾಡಿಕೊಳ್ಳುವುದಿಲ್ಲ. ನುರಿತ ಕೈಯಲ್ಲೂ ನೂರರಲ್ಲಿ ಒಬ್ಬರಿಗೆ ಧ್ವನಿಯ ನರಕ್ಕೆ ಶಾಶ್ವತ ಪೆಟ್ಟಾಗಬಹುದು, ಒಬ್ಬಿಬ್ಬರಿಗೆ ಕ್ಯಾಲ್ಸಿಯಂ ಕಾಯುವ ಪ್ಯಾರಾಥೈರಾಯ್ಡ್ ಗ್ರಂಥಿಗಳು ಕಾಯಂ ಕೈಕೊಡಬಹುದು. ಮೊದಲ 24 ಗಂಟೆಯಲ್ಲಿ ಕುತ್ತಿಗೆ ಊದಿ ಉಸಿರು ಕಟ್ಟಿದರೆ ಒಳಗೆ ರಕ್ತ ತುಂಬುತ್ತಿದೆ ಎಂದರ್ಥ. ಕೂಡಲೇ ಕೂಗಿ ಕರೆಯಬೇಕು. ಮನೆಗೆ ಬಂದ ಎರಡು ಮೂರು ದಿನಕ್ಕೆ ತುಟಿ ಸುತ್ತ, ಬೆರಳ ತುದಿ ಜುಂ ಎಂದರೆ ಕ್ಯಾಲ್ಸಿಯಂ ಇಳಿದಿದೆ, ಮಾತ್ರೆ ನುಂಗಿ ಆಸ್ಪತ್ರೆಗೆ ತಿಳಿಸಬೇಕು. ಅದಕ್ಕೇ ಮನೆಗೆ ಹೊರಡುವ ಮುನ್ನವೇ ಕ್ಯಾಲ್ಸಿಯಂ ಮಾತ್ರೆ ಕೈಯಲ್ಲಿರಬೇಕು. ರಾತ್ರಿ ಹನ್ನೊಂದಕ್ಕೆ ಹಳ್ಳಿಯಲ್ಲಿ ಮೆಡಿಕಲ್ ಅಂಗಡಿ ತೆರೆದಿರುವುದಿಲ್ಲ.

ಖರ್ಚಿನ ಮಾತು: ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯ ಅಡಿ ಬರುತ್ತದೆಯೇ ಎಂದು ಭರ್ತಿಯಾಗುವ ಮೊದಲೇ, ರೇಷನ್ ಕಾರ್ಡ್ ಹಿಡಿದು, ಆಸ್ಪತ್ರೆಯಲ್ಲಿ ಯೋಜನೆಯ ಕೆಲಸ ನೋಡುವ ಆರೋಗ್ಯ ಮಿತ್ರರನ್ನು ಕೇಳಿ. ಭರ್ತಿಯಾದ ಮೇಲೆ ಕೇಳಿದರೆ ಕೆಲಸ ಜಟಿಲ. ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್, ಯಾದಗಿರಿಯ ಯಿಮ್ಸ್ ಸರ್ಕಾರಿ ವೈದ್ಯಕೀಯ ಕಾಲೇಜುಗಳು ಮೊದಲು ವಿಚಾರಿಸಬೇಕಾದ ಜಾಗ.

ತೂಗುವುದು ಹೇಗೆ?

ಮೂರರಲ್ಲಿ ಒಂದೊಂದೂ ಒಂದೊಂದು ಹೊರೆ ಹೊರಿಸುತ್ತದೆ. ಮಾತ್ರೆ ಕೇಳುವುದು ಶಿಸ್ತನ್ನು: ಒಂದೂವರೆ ವರ್ಷ ತಪ್ಪದೆ ರಕ್ತಪರೀಕ್ಷೆ. ಅಯೋಡಿನ್ ಕೇಳುವುದು ಒಂದು ಪ್ರಯಾಣ ಮತ್ತು ಜೀವನಪೂರ್ತಿ ಒಂದು ಮಾತ್ರೆ. ಆಪರೇಷನ್ ಕೇಳುವುದು ನುರಿತ ಕೈ, ಮತ್ತು ಅದೇ ಜೀವನಪೂರ್ತಿ ಮಾತ್ರೆ.

ಚಿಕ್ಕ ಬಾವು, ಮಧ್ಯಮ ಏರಿಕೆ, ಊರಿನಲ್ಲೇ ಇರುವ ಹೆಣ್ಣುಮಗಳಿಗೆ ಮೊದಲು ಮಾತ್ರೆಯನ್ನೇ ಪ್ರಯತ್ನಿಸುವುದು ಸರಿ. ಆದರೆ ಕೊಯ್ಲು ಮುಗಿದ ಮೇಲೆ ಮುಂಬಯಿಗೋ ಬೆಂಗಳೂರಿಗೋ ಗುಳೆ ಹೋಗುವ ಕುಟುಂಬಕ್ಕೆ ಆರು ವಾರಕ್ಕೊಮ್ಮೆ ಪರೀಕ್ಷೆ ಎಂಬುದು ಕಾಗದದ ಮಾತಾಗುತ್ತದೆ. 30 ಮಿ.ಗ್ರಾಂ. ಮೂರು ತಿಂಗಳಿಗಾಗುವಷ್ಟು ಕಟ್ಟಿಕೊಂಡು ಹೋಗುವುದು ಎಲ್ಲಕ್ಕಿಂತ ಕೆಟ್ಟದ್ದು. ಅಂಥವರಿಗೆ, ಕಾರಣ ಗ್ರೇವ್ಸ್ ಅಥವಾ ಗಂಟು ಎಂದು ಖಚಿತವಾಗಿದ್ದರೆ, ಗುಳೆ ಹೊರಡುವ ಮೊದಲೇ ಅಯೋಡಿನ್ ಬಗ್ಗೆ ಮಾತಾಡುವುದು ಮೇಲು. ಅಯೋಡಿನ್ ನಂತರವೂ ಮೊದಲ ಆರು ತಿಂಗಳು ನಾಲ್ಕಾರು ವಾರಕ್ಕೊಮ್ಮೆ ರಕ್ತ ನೋಡಬೇಕು ಎಂಬುದನ್ನು ಮರೆಯಬಾರದು. ಕಟ್ಟಡದ ಕೆಲಸದ ಜಾಗದಲ್ಲೇ ಹತ್ತಿರದ ಲ್ಯಾಬಿನಲ್ಲಿ ಮಾಡಿಸಿ ರಿಪೋರ್ಟನ್ನು ವಾಟ್ಸ್ಆ್ಯಪಿನಲ್ಲಿ ಕಳಿಸಿದರೂ ಆಯಿತು. ಹೃದಯದ ತಾಳ ತಪ್ಪಿದ ಹಿರಿಯರಿಗೆ ಕಾಯಿಲೆ ಮರಳುವುದೇ ಅಪಾಯವಾದ್ದರಿಂದ ಅಯೋಡಿನ್ ಹೆಚ್ಚು ಸೂಕ್ತ.

ಮದುವೆಗೆ ಮುಂಚೆ ಹುಡುಗಿಯ ಕಾಯಿಲೆ ಮುಚ್ಚಿಟ್ಟು, ಅತ್ತೆಮನೆಯಲ್ಲಿ ಮಾತ್ರೆ ಕಾಣಬಾರದೆಂದು ನಿಲ್ಲಿಸುವುದು ನಡೆದೇ ಇದೆ. ಮೂರು ತಿಂಗಳಲ್ಲಿ ಗರ್ಭ ನಿಂತು, ಹಾರ್ಮೋನ್ ಏರಿ, ಗರ್ಭಪಾತಕ್ಕೋ ದಿನ ತುಂಬದ ಹೆರಿಗೆಗೋ ದಾರಿಯಾಗುತ್ತದೆ. ಕಾರ್ಬಿಮಜೋಲ್ ಗರ್ಭದ 6ರಿಂದ 10ನೇ ವಾರದಲ್ಲಿ ಮಗುವಿನ ಅಂಗಗಳಿಗೆ ತೊಂದರೆ ಮಾಡಬಲ್ಲದು. ಅದಕ್ಕೆ ಮಗು ಬಯಸುವವರಿಗೆ ಅದೇ ಗುಂಪಿನ ಇನ್ನೊಂದು ಮಾತ್ರೆಯಾದ ಪ್ರೊಪೈಲ್‌ಥಯೋಯುರಾಸಿಲ್‌ಗೆ ಬದಲಿಸುತ್ತಾರೆ, ಸುಮಾರು 10 ಮಿ.ಗ್ರಾಂ. ಕಾರ್ಬಿಮಜೋಲಿಗೆ 100 ಮಿ.ಗ್ರಾಂ. ಲೆಕ್ಕದಲ್ಲಿ. ಆ ಮಾತ್ರೆಗೆ ಲಿವರಿನ ಅಪಾಯ ಹೆಚ್ಚಿರುವುದರಿಂದ ಉಳಿದವರಿಗೆ ಅದು ಮೊದಲ ಆಯ್ಕೆಯಲ್ಲ. ಮುಟ್ಟು ನಿಂತ ದಿನವೇ ಪರೀಕ್ಷೆ ಮಾಡಿ ಡಾಕ್ಟರಿಗೆ ತಿಳಿಸುವುದು ಅಗತ್ಯ. ತಾನಾಗಿ ಮಾತ್ರೆ ನಿಲ್ಲಿಸುವುದು ಬೇಡ.

ಊಟ, ಉಪವಾಸ, ಉಪ್ಪು

ಅಯೋಡಿನ್ ಉಪ್ಪು ಬಿಡಬೇಕೆಂದು ಹಲವರು ಕಲ್ಲುಪ್ಪಿಗೆ ಮರಳುತ್ತಾರೆ. ಬೇಕಿಲ್ಲ, ಮನೆಯ ಉಳಿದವರಿಗೆ, ಮಕ್ಕಳಿಗೆ ಅದು ನಷ್ಟ. ಸಜ್ಜೆಯಲ್ಲಿ ಥೈರಾಯ್ಡಿಗೆ ಅಡ್ಡಿ ಮಾಡುವ ಅಂಶಗಳಿರುವುದು ನಿಜ, ಹಾಗೆಂದು ಎಳ್ಳ ಅಮಾವಾಸ್ಯೆಯ ಸಜ್ಜಿ ರೊಟ್ಟಿ, ಭಜ್ಜಿ ಹೈಪರ್‌ಥೈರಾಯ್ಡಿಗೆ ಔಷಧವೂ ಅಲ್ಲ, ವಿಷವೂ ಅಲ್ಲ. ಬೇಕಿರುವುದು ಕರಗಿದ ಮಾಂಸಖಂಡ, ಸವೆದ ಎಲುಬಿಗೆ ತುಂಬಿಕೊಡುವ ಊಟ: ತೊಗರಿ ಬೇಳೆ, ಶೇಂಗಾ ಹಿಂಡಿ, ಮೊಟ್ಟೆ, ಹಾಲು-ಮೊಸರು. ಚಹಾ ಕಡಿಮೆ. ಹಾರ್ಮೋನ್ ಹದಕ್ಕೆ ಬಂದ ಮೇಲೂ ನಾಲಿಗೆಗೆ ನಾಲ್ಕು ರೊಟ್ಟಿಯ ರೂಢಿ ಉಳಿದಿರುತ್ತದೆ. ಆಗ ತೂಕ ಜಿಗಿಯುತ್ತದೆ, ಮಾತ್ರೆಯನ್ನು ದೂರುತ್ತಾರೆ.

ರಂಜಾನ್ ರೋಜಾ ಹಿಡಿಯುವವರು ಕಾರ್ಬಿಮಜೋಲನ್ನು ದಿನಕ್ಕೊಮ್ಮೆ ಸಹರಿಗೋ ಇಫ್ತಾರಿಗೋ ತೆಗೆದುಕೊಳ್ಳಬಹುದು. ಮೂರು ಹೊತ್ತಿನ ಪ್ರೊಪ್ರನೊಲೋಲ್ ಬದಲು ದಿನಕ್ಕೊಂದರ ದೀರ್ಘಕಾಲಿಕ ಮಾತ್ರೆಯನ್ನು ತಿಂಗಳು ಮೊದಲೇ ಕೇಳಿ ಬರೆಸಿಕೊಳ್ಳಿ. ಹಾರ್ಮೋನ್ ಇನ್ನೂ ಹತೋಟಿಗೆ ಬರದವರು ಏಪ್ರಿಲ್ ಬಿಸಿಲಿನಂಥ ಹೊತ್ತಿನಲ್ಲಿ ನಿರ್ಜಲ ಉಪವಾಸ ಮಾಡಬಾರದು.

ಅಯೋಡಿನ್ ಅಥವಾ ಆಪರೇಷನ್ ನಂತರದ ಲಿವೊಥೈರಾಕ್ಸಿನ್, ಪೂರ್ಣ ಬದಲಿಗೆ, ಕಿಲೋ ತೂಕಕ್ಕೆ ಸುಮಾರು 1.6 ಮೈಕ್ರೊಗ್ರಾಂ, 60 ಕಿಲೋ ಇದ್ದವರಿಗೆ 100ರ ಹತ್ತಿರ. ಹಿರಿಯರಿಗೆ, ಹೃದಯ ಕಾಯಿಲೆಯವರಿಗೆ ಸಣ್ಣದರಿಂದ ಶುರು. ಎದ್ದ ಕೂಡಲೇ ಬರೀ ನೀರಿನಲ್ಲಿ ನುಂಗಿ, ಅರ್ಧದಿಂದ ಒಂದು ಗಂಟೆ ಚಹಾ ಮುಟ್ಟಬಾರದು. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗೆ ನಾಲ್ಕು ಗಂಟೆ ಅಂತರ. ತಗಡಿನ ಮಾಳಿಗೆಯ ಕೆಳಗೆ, ಕಿಟಕಿಯಲ್ಲಿ ಇಟ್ಟ ಮಾತ್ರೆ ಮೇ ತಿಂಗಳ ಕಾವಿಗೆ ಸತ್ವ ಕಳೆದುಕೊಳ್ಳುತ್ತದೆ, ಒಳಕೋಣೆಯ ಕಪಾಟಿನಲ್ಲಿಡಿ.

ಕಡೆಗೆ ಒಂದು ತುರ್ತು. ಹತೋಟಿಗೆ ಬರದ ಹೈಪರ್‌ಥೈರಾಯ್ಡ್ ಇರುವವರು ಮಾತ್ರೆ ಒಮ್ಮೆಲೇ ಬಿಟ್ಟಾಗ, ಸೋಂಕು ತಗುಲಿದಾಗ ಅಥವಾ ಬೇರೆ ಆಪರೇಷನ್ ಆದಾಗ ಜ್ವರ ಏರಿ, ನಾಡಿ 140 ದಾಟಿ, ವಾಂತಿ-ಭೇದಿಯಾಗಿ, ಮಾತು ತೊದಲಿ, ಗುರುತು ಹಿಡಿಯದಂತೆ ಆದರೆ ಅದು ಥೈರಾಯ್ಡ್ ಸ್ಟಾರ್ಮ್. ಬೆಳಗಾಗಲಿ ಎಂದು ಕಾಯದೆ 108ಕ್ಕೆ ಕರೆ ಮಾಡಿ ಐಸಿಯು ಇರುವ ಕಡೆಗೇ ಒಯ್ಯಿರಿ. ಹಳೆಯ ರಿಪೋರ್ಟು ಮತ್ತು ನುಂಗುತ್ತಿದ್ದ ಸ್ಟ್ರಿಪ್ಪು ಜೊತೆಗಿರಲಿ, ಮತ್ತು ಒಳಗೆ ಕಾಲಿಟ್ಟ ಕೂಡಲೇ "ಇವರಿಗೆ ಥೈರಾಯ್ಡ್ ಜಾಸ್ತಿ ಇದೆ" ಎಂದೇ ಹೇಳಿ. ಬರೀ "ಥೈರಾಯ್ಡ್ ಅದ" ಎಂದಲ್ಲ.